ಗಟಾರ ಹದಕ್ಕೆ ಬಂದ ಮಳೆಗಾಲ

ಮೊನ್ನೆ ಬೊರಿವಲಿಯಲ್ಲಿ ನಮ್ಮ ಸೊಸೈಟಿಯ ಗೇಟು ದಾಟುವಾಗ ವಾಚ್‌ಮನ್ ಕಾಂಪೌಂಡ್ ಗೋಡೆಯ ಗುಂಟ ಬ್ಲೀಚಿಂಗ್ ಪೌಡರ್ ಚೆಲ್ಲುತ್ತಿದ್ದ. ಮೊದಲ ಮಳೆ ಬಂದು ನಿಂತಿತ್ತು. ಒದ್ದೆ ಸಿಮೆಂಟಿನ ಮೇಲೆ ಬಿಳಿ ಗೆರೆ ಆಗಲೇ ಕರಗತೊಡಗಿತ್ತು. "ಮೇಡಂ, ಜರಾ ಬಾಜೂ ಸೇ" ಎಂದ. ನಾನು ಸರಿಯಲಿಲ್ಲ, ಅಲ್ಲೇ ನಿಂತೆ. ಬೇರೆಯವರಿಗೆ ಆ ವಾಸನೆಯೆಂದರೆ ಆಸ್ಪತ್ರೆ, ಈಜುಕೊಳ, ಇಲ್ಲವೆ ಕೊರೋನಾದ ದಿನಗಳು. ನನಗೆ ಅದು ಕುರ್ಲಾದ ನಮ್ಮ ಚಾಳು, ಗಣಪತಿ ಮಂಡಳದ ಕೆಂಪು ಜಮಖಾನೆ, ಶೇಂಗಾ ಹೋಳಿಗೆ, ಮತ್ತು ಇಷ್ಟು ವರ್ಷ ಕಷ್ಟಪಟ್ಟು ಹಿಡಿದದ್ದೆಲ್ಲ ಕೈ ಜಾರಿತು ಅನ್ನಿಸಿದ ಒಂದು ಮಧ್ಯಾಹ್ನ.

ನಾನು ಮದುವೆಯಾಗಿ ಬೊರಿವಲಿಗೆ ಬಂದದ್ದು ಆಮೇಲೆ. ಆಗ ಕುರ್ಲಾದ ಚಾಳಿನ ಕೊನೆಯ ಖೋಲಿಯಲ್ಲಿ ಅಪ್ಪ, ಅವ್ವ, ನಾನು ಮೂವರೇ ಇದ್ದೆವು. ಅಪ್ಪ ವಿಜಯಪುರದ ಕಡೆಯಿಂದ ಹರೆಯದಲ್ಲಿ ಬಂದವನು, ಹತ್ತಿರದ ಗಲ್ಲಿಯ ವರ್ಕ್‌ಶಾಪಿನಲ್ಲಿ ಲೇತ್ ಮಶೀನಿನ ಮುಂದೆ ನಿಂತು ನಟ್ಟು ಬೋಲ್ಟು ಕಡೆಯುವ ಕೆಲಸ. ಅವ್ವ ಜೋಳದ ರೊಟ್ಟಿ ಬಡಿದು ನಮ್ಮ ಕಡೆಯ ಮನೆಗಳಿಗೆ ಕೊಡುತ್ತಿದ್ದಳು. ಅವಳು ಕೆಳಗೆ ರೊಟ್ಟಿ ಬಡಿಯುವಾಗ ನಾನು ಮೇಲಿನ ಅಟ್ಟದಲ್ಲಿ ಕೂತು ಓದುತ್ತಿದ್ದೆ. ನನ್ನ ಪುಸ್ತಕಗಳ ನಡುವೆ ಈಗಲೂ ಜೋಳದ ಹಿಟ್ಟು ಸಿಗುತ್ತದೆ. ಅಪ್ಪನ ಕಡೆ ನೋಡಿ, ಅವ್ವನ ಕಡೆ ನೋಡಿ, ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸುಲಭಕ್ಕೆ ಬಂದಿದ್ದರೆ ಸಂಕೋಚಪಡುತ್ತಿದ್ದೆ.

ಎಂ.ಎಸ್ಸಿ. ಮುಗಿದ ಮೇಲೆ ಸಾಂತಾಕ್ರೂಜ್‌ನ ಒಂದು ಪ್ರಯೋಗಾಲಯದಲ್ಲಿ ಒಂದು ವರ್ಷದ ಕೆಲಸ ಸಿಕ್ಕಿತು. ವರ್ಷದ ಕೊನೆಗೆ ತೋರಿಸಲು ಏನಾದರೂ ಇದ್ದರೆ ಅಲ್ಲೇ ಪಿಎಚ್.ಡಿ.ಗೆ ಸೇರಿಸಿಕೊಳ್ಳುವುದು, ಇಲ್ಲದಿದ್ದರೆ ನಮಸ್ಕಾರ ಹೇಳಿ ಕಳಿಸುವುದು. ಲ್ಯಾಬ್ ಅಂದರೆ ಅವ್ವನ ಲೆಕ್ಕದಲ್ಲಿ ರಕ್ತ, ಉಚ್ಚೆ ತಪಾಸಣೆ ಮಾಡುವ ಜಾಗ. "ನಮ್ಮ ನೀಲಾ ಲ್ಯಾಬಿನ್ಯಾಗ ಅದಾಳ. ನಿಮ್ಮ ಶುಗರ್ ಆಕಿ ಕಡೆನ ನೋಡಿಸ್ರಿ" ಎಂದು ಇಡೀ ಚಾಳಿಗೆ ಹೇಳಿಟ್ಟಿದ್ದಳು. ನಾನು ಮಾಡುತ್ತಿದ್ದ ಕೆಲಸ ಬೇರೆ. ನಾನು ಗಟಾರದ ನೀರಿನಲ್ಲಿ ವೈರಸ್ ಹುಡುಕುತ್ತಿದ್ದೆ.

ವೈರಸ್ ಅಂದರೆ ಜನ ಈಗಲೂ ಬೆಚ್ಚುತ್ತಾರೆ. ಆದರೆ ಎಲ್ಲ ವೈರಸ್ಸೂ ಮನುಷ್ಯನ ಬೆನ್ನು ಹತ್ತುವುದಿಲ್ಲ. ಬ್ಯಾಕ್ಟೀರಿಯಾಗಳನ್ನಷ್ಟೇ ಹಿಡಿದು ಒಡೆಯುವ ವೈರಸ್‌ಗಳಿವೆ, ಅವುಗಳಿಗೆ ಫೇಜ್ ಎನ್ನುತ್ತಾರೆ. ನೂರು ವರ್ಷಕ್ಕೂ ಹಿಂದೆಯೇ ಇವನ್ನು ಕಂಡುಕೊಂಡಿದ್ದರು, ರೋಗಿಗಳಿಗೆ ಕೊಟ್ಟೂ ನೋಡಿದ್ದರು. ಪೆನಿಸಿಲಿನ್ ಬಂದ ಮೇಲೆ ಜಗತ್ತಿನ ಬಹಳ ಕಡೆ ಇವನ್ನು ಮರೆತರು. ಈಗ ಯಾವ ಔಷಧಕ್ಕೂ ಬಗ್ಗದ ಬ್ಯಾಕ್ಟೀರಿಯಾಗಳು ಆಸ್ಪತ್ರೆಗಳಲ್ಲಿ ಹೆಚ್ಚುತ್ತಿರುವಾಗ ಎಲ್ಲ ದೇಶದವರೂ ಮತ್ತೆ ಇವುಗಳ ಬಾಗಿಲಿಗೆ ಬಂದಿದ್ದಾರೆ. ಹುಡುಕಹೋದವರಿಗೆ ಬೇರೆ ಸಂಗತಿಗಳೂ ಸಿಕ್ಕಿವೆ. ಜೀನ್ ಕತ್ತರಿಸುವ ಕತ್ತರಿಯೆಂದು ಪತ್ರಿಕೆಯಲ್ಲಿ ಓದುತ್ತೇವಲ್ಲ, ಅದು ಫೇಜ್‌ನಿಂದ ಪಾರಾಗಲು ಬ್ಯಾಕ್ಟೀರಿಯಾ ಮಾಡಿಕೊಂಡ ಆಯುಧ. ಇತ್ತೀಚೆಗೆ ಇನ್ನೊಂದು ಗೊತ್ತಾಗಿದೆ: ವೈರಸ್ ಬಂದಾಗ ನಮ್ಮ ಮೈ ಎಬ್ಬಿಸುವ ಕಾವಲುಗಳಲ್ಲಿ ಕೆಲವು, ಬ್ಯಾಕ್ಟೀರಿಯಾ ಫೇಜ್‌ನ ಎದುರು ಕಟ್ಟಿಕೊಂಡ ಕಾವಲುಗಳ ನೆಂಟರು. ಇದನ್ನು ಮೊದಲ ಸಲ ಓದಿದ ದಿನ ಲೋಕಲ್‌ನಲ್ಲಿ ನಿಂತುಕೊಂಡೇ ಇಳಿಯುವ ಸ್ಟೇಶನ್ ಮರೆತಿದ್ದೆ.

ನನ್ನ ಪಾಲಿಗೆ ಬಂದ ಬ್ಯಾಕ್ಟೀರಿಯಾ ಹೆಸರು ಗೊತ್ತಿಲ್ಲದ ಯಾರೋ ರೋಗಿಯ ಗಾಯದಿಂದ ಬಂದದ್ದು. ಕೊಟ್ಟ ಔಷಧವನ್ನೆಲ್ಲ ಅದು ಕುಡಿದು ಕೂತಿತ್ತು. ಅದನ್ನು ಒಡೆಯುವ ಫೇಜ್ ಎಲ್ಲಿ ಸಿಕ್ಕೀತು? ಬ್ಯಾಕ್ಟೀರಿಯಾ ಹೆಚ್ಚಿರುವಲ್ಲಿಯೇ, ಅಂದರೆ ಹೊಲಸು ನೀರಿನಲ್ಲಿ. ಆಸ್ಪತ್ರೆಯ ಹಿಂದಿನ ನಾಲಾ, ಸಮುದ್ರದ ನೀರು ಒಳನುಗ್ಗುವ ಖಾಡಿಯ ಕೆಸರು, ಸಾಂತಾಕ್ರೂಜ್‌ನ ಹೋಟೆಲುಗಳ ಮೋರಿ, ಎಲ್ಲ ಆಯಿತು. ಬೇಸಿಗೆ ಕಳೆದರೂ ಏನೂ ಸಿಗಲಿಲ್ಲ.

ನಮ್ಮ ಗೈಡ್ ಸುಮತಿ ಮೇಡಂ ಉಡುಪಿ ಕಡೆಯವರು, ನಿವೃತ್ತಿಗೆ ಹತ್ತಿರವಾಗಿದ್ದರು. ಲ್ಯಾಬಿನಲ್ಲಿ ಎಲ್ಲರ ಜೊತೆ ಇಂಗ್ಲಿಷ್, ಹಿಂದಿ. ನಾನೊಬ್ಬಳೇ ಇದ್ದಾಗ ಕನ್ನಡ. "ಎಂತ ಮಾರಾಯ್ತಿ, ಊರಿನ ಮೋರಿ ಎಲ್ಲ ಮುಗಿಸಿದೆ. ಇನ್ನು ಎಲ್ಲಿ ಉಂಟು?" ಎಂದು ಒಂದು ದಿನ ನಕ್ಕರು.

"ನಮ್ಮ ಮನೆ ಹಿಂದ ಒಂದು ಗಟಾರ ಐತ್ರಿ ಮೇಡಂ."

"ಮತ್ತೆ ಇಷ್ಟು ದಿನ ಎಂತ ಮಾಡ್ತಿದ್ದದ್ದು?"

ಮಳೆಗಾಲದ ಮೊದಲ ಭಾನುವಾರ ಗ್ಲೌಸು ಹಾಕಿ, ಮೂಗಿಗೆ ಮಾಸ್ಕ್ ಕಟ್ಟಿ, ಹಗ್ಗಕ್ಕೆ ಬಾಟಲಿ ಬಿಗಿದು ಹಿತ್ತಲ ಕಿಂಡಿಯಿಂದ ಗಟಾರಕ್ಕೆ ಇಳಿಬಿಟ್ಟೆ. ಬದಿಮನೆಯ ಹೆಂಗಸರು ಬಾಲ್ಕನಿಯಲ್ಲಿ ನಿಂತು ನೋಡಿದರು. "ಏನ್ ನೀಲಾ, ಎಂ.ಎಸ್ಸಿ. ಮಾಡಿ ಮೀನ ಹಿಡಿಯಾಕ ಕುಂತಿ?" "ಪಾಪ್ಲೆಟ್ ಸಿಕ್ರ ನಮಗೂ ಒಂದ ಕೊಡವಾ." ನಾನೂ ನಕ್ಕೆ.

ಆ ನೀರನ್ನು ಲ್ಯಾಬಿಗೆ ಒಯ್ದು ಸೋಸಿ, ಬ್ಯಾಕ್ಟೀರಿಯಾದ ಜೊತೆ ಬೆಳೆಸಿ, ತಟ್ಟೆಗೆ ಹಾಕಿಟ್ಟೆ. ಬ್ಯಾಕ್ಟೀರಿಯಾ ತಟ್ಟೆಯ ತುಂಬ ಬೆಳೆದರೆ ಆವಿ ಹಿಡಿದ ಗಾಜಿನಂತೆ ಮಬ್ಬಾಗಿ ಕಾಣುತ್ತದೆ. ಮರುದಿನ ಬೆಳಿಗ್ಗೆ ತಟ್ಟೆಯನ್ನು ಬೆಳಕಿಗೆ ಹಿಡಿದಾಗ ಆ ಮಬ್ಬಿನ ನಡುವೆ ಯಾರೋ ಬೆರಳ ತುದಿಯಿಟ್ಟು ಒರೆಸಿದಂತೆ ತಿಳಿಯಾದ ಚುಕ್ಕೆಗಳು. ಅಲ್ಲೆಲ್ಲ ಬ್ಯಾಕ್ಟೀರಿಯಾ ಸತ್ತಿದ್ದವು. ನಾನು ಕೂಗಲಿಲ್ಲ, ಕುಣಿಯಲಿಲ್ಲ. ಸ್ಟೂಲ್ ಮೇಲೆ ಕೂತು ತಟ್ಟೆಯ ಫೋಟೋ ತೆಗೆದುಕೊಂಡೆ.

ನಮ್ಮ ಲ್ಯಾಬಿನಲ್ಲಿ ಒಂದು ಪದ್ಧತಿ: ಹೊಸ ಫೇಜ್ ಹಿಡಿದವರೇ ಅದಕ್ಕೆ ಹೆಸರಿಡುವುದು. ಮನೆಗೆ ಬಂದು ಹೇಳಿದ್ದೇ ತಡ, ಚಾಳಿನಲ್ಲಿ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಕೆಲಸ ಶುರುವಾಯಿತು. ಬೆಳಗಾವಿಯ ಮಹಾದೇವ ಕಾಕಾ ನಮ್ಮ ಚಾಳಿನ ಗಣಪತಿ ಮಂಡಳದ ಅಧ್ಯಕ್ಷರು. ಕಿರಾಣಿ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟು, ಇಡೀ ಚಾಳಿನ ಉಸ್ತುವಾರಿಯನ್ನು ತಾವು ಹೊತ್ತುಕೊಂಡವರು. "ಗಣೇಶ ಅಂತ ಇಡು ತಂಗಿ. ವಿಘ್ನ ನಿವಾರಣ ಮಾಡೂದ ಅಲ್ಲೇನು ಅದರ ಕೆಲಸ?" ಎಂದರು.

ಅವ್ವ ಸಿಟ್ಟಿಗೆದ್ದಳು. "ಗಟಾರದಾಗಿನ ಹುಳಕ್ಕ ದೇವರ ಹೆಸರ ಇಡ್ತೀರೇನ್ರಿ?"

"ಹಂಗಾರ ನಿನ್ನ ಹೆಸರ ಇಡೋಣು, ಗಂಗವ್ವ."

"ನಿಮ್ಮ ಸೊಸಿ ಹೆಸರ ಇಡ್ರಿ. ಆಕಿನೂ ಎಲ್ಲಾ ತೊಳದ ಒಗೀತಾಳ" ಎಂದು ಅವ್ವ ಹಿಟ್ಟು ನಾದುವ ಕೊಣಮಿಗೆ ತಿರುಗಿದಳು.

ಆದರೆ ಕೂಸು ಉಳಿಯಲಿಲ್ಲ. ಚುಕ್ಕೆಯಿಂದ ಫೇಜ್ ತೆಗೆದು ಕೊಳವೆಯಲ್ಲಿ ಬೆಳೆಸಿಟ್ಟಿದ್ದೆ. ಮುಂದಿನ ವಾರ ಮತ್ತೆ ಹಾಕಿದರೆ ತಟ್ಟೆ ಪೂರ್ತಿ ಮಬ್ಬು. ಮತ್ತೆ ಹಾಕಿದೆ, ಮತ್ತೂ ಮಬ್ಬು. ಕೆಲವು ಫೇಜ್‌ಗಳು ಹಾಗೆಯೇ, ಇಟ್ಟಲ್ಲೇ ಸೊರಗಿ ಹೋಗುತ್ತವೆ. ಉಳಿದಿದ್ದ ಗಟಾರದ ನೀರೂ ಮುಗಿದಿತ್ತು. ಮೇಡಂ ನನ್ನ ತಟ್ಟೆಯ ಫೋಟೋ ನೋಡಿ ಹೇಳಿದರು: "ಒಮ್ಮೆ ಕಂಡದ್ದು ಕಂಡ ಲೆಕ್ಕ ಅಲ್ಲ. ಅಲ್ಲಿಂದಲೇ ಇನ್ನೊಮ್ಮೆ ತರಬೇಕು. ಮತ್ತೆ ಒಬ್ಬಳೇ ಹೋಗುದು ಬೇಡ. ತೆಗೆಯುವವರು ಒಬ್ಬರು, ನೋಡುವವರು ಇನ್ನೊಬ್ಬರು, ಬಾಟಲಿ ಮೇಲೆ ಇಬ್ಬರದ್ದೂ ಸಹಿ. ನಾನೇ ಬರ್ತೇನೆ. ಗಣಪತಿ ಹಬ್ಬದ ಒಳಗೆ ವರದಿ ಹೋಗ್ಬೇಕಲ್ವಾ, ಗೊತ್ತುಂಟಲ್ಲ?"

ಗೊತ್ತಿತ್ತು, ನನ್ನ ಒಂದು ವರ್ಷ ಮುಗಿಯುವುದು ಅಷ್ಟೊತ್ತಿಗೆ. ಗಣಪತಿ ಬರುವುದರೊಳಗೆ ಫೇಜ್ ಬಂದರೆ ನಾನು ಲ್ಯಾಬಿನಲ್ಲಿ ಉಳಿಯುವೆ. ಇಲ್ಲದಿದ್ದರೆ ಗಣಪತಿಯ ಜೊತೆ ನನ್ನದೂ ವಿಸರ್ಜನೆ.

ಮನೆಗೆ ಬಂದು ಅವ್ವನಿಗೆ ಇಷ್ಟೇ ಹೇಳಿದೆ: "ಗುರುವಾರ ನಮ್ಮ ಮೇಡಂ ಬರ್ತಾರ. ಗಟಾರ ನೋಡಾಕ."

ಅವ್ವನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. "ದೊಡ್ಡ ಮೇಡಮ್ಮೇ? ನಮ್ಮನಿಗೆ?"

ನಮ್ಮ ಮನೆಗೆ ಅದುವರೆಗೆ ಒಬ್ಬ ಮಾಸ್ತರರೂ ಬಂದವರಲ್ಲ. ಶಾಲೆಯಲ್ಲಿ ಪಾಲಕರ ಸಭೆಗೆ ಕರೆದರೆ ಅವ್ವ ಹೊರಗಿನ ಬೆಂಚಿನ ತುದಿಯಲ್ಲಿ ಸೆರಗು ಹೊದ್ದು ಕೂತಿರುತ್ತಿದ್ದಳು, ಹೆಸರು ಕರೆದರೂ ಒಳಗೆ ಹೋಗಲು ಹಿಂದೇಟು. ಈಗ ಪ್ರೊಫೆಸರರೇ ಬರುತ್ತಿದ್ದಾರೆ. ಆ ಎರಡು ಮಾತಿನಲ್ಲಿ ಅವಳಿಗೆ ತಿಳಿದದ್ದು ಮೇಡಂ ಬಂದು ಗಟಾರ ನೋಡುತ್ತಾರೆ ಎನ್ನುವುದು ಮಾತ್ರ, ಯಾಕೆ ಎನ್ನುವುದಲ್ಲ ಎಂದು ನನಗೆ ಹೊಳೆಯಲಿಲ್ಲ.

ಗುರುವಾರ ಮಧ್ಯಾಹ್ನ ಮೇಡಂ ಜೊತೆ ಕುರ್ಲಾಕ್ಕೆ ಬಂದೆ. ಮಳೆ ಬಿಡುವು ಕೊಟ್ಟಿತ್ತು. ಗಲ್ಲಿಯ ತಿರುವಿಗೆ ಬರುವ ಮುಂಚೆಯೇ ವಾಸನೆ ಬಂತು. ತಿರುಗಿದರೆ ದಾರಿಯ ಎರಡೂ ಬದಿಗೆ ಬ್ಲೀಚಿಂಗ್ ಪೌಡರಿನ ನೆಟ್ಟಗಿನ ಗೆರೆ. ಚಾಳಿನ ಬಾಗಿಲಿಂದ ಗಟಾರದ ತನಕ ಕೆಂಪು ಜಮಖಾನೆ. ಗಟಾರದ ಕಟ್ಟೆಗೆ ಸುಣ್ಣ ಬಳಿದಿದ್ದರು. ಪಕ್ಕದಲ್ಲಿ ರಂಗೋಲಿ. ಇಸ್ತ್ರಿ ಮಾಡಿದ ಅಂಗಿಯಲ್ಲಿ ಮಹಾದೇವ ಕಾಕಾ ಶಾಲು, ತೆಂಗಿನಕಾಯಿ ಹಿಡಿದು ನಿಂತಿದ್ದರು.

"ಬರ್ರಿ ಮೇಡಂ, ಬರ್ರಿ! ಮುಂಜಾನಿಂದ ಎಲ್ಲಾರೂ ಹತ್ತೇವ್ರಿ. ಎಲ್ಲಾ ತಗಸಿ, ಫಿನಾಯಿಲ್ ಹಾಕಿ, ಪೌಡರ್ ಹೊಡದೇವಿ. ಒಂದ ಸೊಳ್ಳಿ ಸಿಕ್ರ ಕೇಳ್ರಿ."

ಮೇಡಂ ನನ್ನ ಮುಖ ನೋಡಿದರು. ನಾನು ಗಟಾರ ನೋಡಿದೆ. ತಿಳಿನೀರು ಹರಿಯುತ್ತಿತ್ತು. ಗಟಾರಕ್ಕೆ ತಳ ಇದೆ ಎಂದು ಹುಟ್ಟಿದಾಗಿನಿಂದ ಮೊದಲ ಸಲ ಗೊತ್ತಾಯಿತು. ಹಳದಿ ಕಲ್ಲು ಹಾಸಿದ್ದರು.

"ಕಾಕಾ..." ಎಂದು ಬಾಯಿ ತೆರೆದೆ. ಮೇಡಂ ನನ್ನ ಮೊಣಕೈ ಮುಟ್ಟಿದರು. ಆಮೇಲೆ ತಲೆ ಬಗ್ಗಿಸಿ ಶಾಲು ಹೊದೆಸಿಕೊಂಡರು. ತೆಂಗಿನಕಾಯಿ ತೆಗೆದುಕೊಂಡರು. ಗಟಾರದ ದಂಡೆಯಲ್ಲಿ ಸನ್ಮಾನ ಮಾಡಿಸಿಕೊಂಡ ವಿಜ್ಞಾನಿ ಈ ಊರಿನಲ್ಲಿ ಅವರೊಬ್ಬರೇ ಇರಬೇಕು. ಒಳಗೆ ಬಂದು ಕುರ್ಚಿಯ ಮೇಲೆ ಕೂತು ಅವ್ವ ಕೊಟ್ಟ ಶೇಂಗಾ ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ತಿಂದರು. ಇನ್ನೊಂದು ಕೇಳಿ ತಿಂದರು.

"ನಮ್ಮಾಕಿ ಕೆಲಸ ಹೆಂಗ ಮಾಡ್ತಾಳ್ರಿ?" ಅವ್ವ ಗೋಡೆಗೆ ಆತು ನಿಂತೇ ಕೇಳಿದಳು.

"ಮೊದಲು ನೀವು ಕೂತ್ಕೊಳ್ಳಿ ಅಮ್ಮ. ಅವಳದ್ದು ಕೈ ಒಳ್ಳೇದು. ಬಾಯಿ ಸ್ವಲ್ಪ ಜೋರು."

"ಅದು ಅವರಪ್ಪಂದು ಬಂದೈತ್ರಿ" ಎಂದಳು ಅವ್ವ. ಹತ್ತು ಮಾತಿಗೆ ಒಂದು ಮಾತಾಡುವ ಅಪ್ಪ ಬಾಗಿಲ ಬಳಿ ನಿಂತು ಸುಮ್ಮನೆ ನಕ್ಕ.

ಬಂದದ್ದಕ್ಕೆ ನೀರು ತೆಗೆದುಕೊಂಡೆವು. ಬಸ್ ಸ್ಟಾಪಿನಲ್ಲಿ ನನಗೆ ತಡೆಯಲಾಗಲಿಲ್ಲ. "ಎಲ್ಲಾ ಸತ್ತಿರ್ತಾವ್ರಿ ಮೇಡಂ. ಏನೂ ಉಳಿದಿರೂದಿಲ್ಲ."

"ಸತ್ತಿರ್ತದೆ. ಆದ್ರೂ ಹಾಕಿ ನೋಡು." ಅವರು ಶಾಲನ್ನು ಮಡಚಿ ಬ್ಯಾಗಿಗೆ ಹಾಕಿದರು. "ನೀನು ಮನೆಗೆ ಹೋಗಿ ಅವರಿಗೆ ಬೈಬೇಡ. ಇಷ್ಟು ವರ್ಷ ಕೆಲಸ ಮಾಡಿದ್ದೇನೆ ಮಾರಾಯ್ತಿ, ನಾನು ಬರ್ತೇನೆ ಅಂತ ಯಾರೂ ಮೋರಿ ತೊಳೆದದ್ದಿಲ್ಲ."

ತಟ್ಟೆಗಳು ಮಬ್ಬಾಗಿಯೇ ಬಂದವು. ಆ ಸಂಜೆ ಅವ್ವ ಆಸೆಯಿಂದ ಕೇಳಿದಳು, "ಸಿಕ್ತೇನು?" ನಾನು ಬೈಯಲಿಲ್ಲ. ಆದರೆ ಹೇಳಿದೆ. ಆ ಹೊಲಸಿನಲ್ಲೇ ನನ್ನ ಕೆಲಸ ಇತ್ತು, ಪೌಡರ್ ಹಾಕಿದ್ದಕ್ಕೆ ಎಲ್ಲ ಹೋಯಿತು, ಗಣಪತಿಯೊಳಗೆ ಸಿಗದಿದ್ದರೆ ನಾನು ಮನೆಯಲ್ಲಿ ಕೂರಬೇಕು ಎಂದು.

ಅವ್ವ ಒಲೆ ಸಣ್ಣಗೆ ಮಾಡಿದಳು. ಆಮೇಲೆ, "ಸ್ವಚ್ಛ ಮಾಡಿದ್ದ ತಪ್ಪಾತೇನು?" ಎಂದಳು.

ಆ ಗಟಾರದಿಂದ ನಮ್ಮ ಚಾಳಿನ ಮಕ್ಕಳಿಗೆ ಪ್ರತಿ ಮಳೆಗಾಲ ಜ್ವರ ಬರುತ್ತಿತ್ತು, ನನಗೂ ಬಂದಿದೆ. ಗಟಾರವನ್ನು ಹೊಗಳಲು ನಾನು ಇದನ್ನು ಬರೆಯುತ್ತಿಲ್ಲ. ಅದನ್ನು ತೊಳೆಯುವುದು ಯಾವತ್ತೂ ಸರಿಯೇ. ಆ ಗುರುವಾರ ಒಂದು ದಿನ ಬಿಟ್ಟು.

ಅಪ್ಪ ಆಗ ಬಾಯಿ ಬಿಟ್ಟ. "ಕಲಿತಾಕಿ ನೀನು. ಏನ್ ಹುಡುಕಾಕತ್ತೀನಿ ಅಂತ ತಿಳಿಸಿ ಹೇಳಾಕಿನೂ ನೀನ. ನಮಗ ಹೆಂಗ ಗೊತ್ತಾಗಬೇಕು? ಅದು ನೋಡಾಕ ಹೆಂಗಿರ್ತೈತಿ?"

ಫೋನಿನಲ್ಲಿ ಫೇಜ್‌ನ ಚಿತ್ರ ಹುಡುಕಿ ತೋರಿಸಿದೆ. ಮೂಲೆಮೂಲೆಯ ತಲೆ, ಕೆಳಗೆ ಉದ್ದನೆಯ ಕಾಂಡ, ತುದಿಗೆ ತೆಳು ಕಾಲುಗಳು. ಅಪ್ಪ ಫೋನನ್ನು ದೂರ ಹಿಡಿದು, ಹತ್ತಿರ ತಂದು, ಅಡ್ಡ ತಿರುಗಿಸಿ ನೋಡಿದ. "ಏ, ಇದು ಬೋಲ್ಟ್ ಐತಲ್ಲ!" ಎಂದ. ಅವನ ಧ್ವನಿಯಲ್ಲಿ ಹಳೆಯ ಗೆಳೆಯನನ್ನು ಸ್ಟೇಶನ್ನಿನಲ್ಲಿ ಕಂಡ ಖುಷಿ. "ತಲಿ, ಕೆಳಗ ಉದ್ದಕ ಶ್ಯಾಂಕು... ಕಾಲ ಒಂದು ಬ್ಯಾರೆ. ಇದನ್ನ ಯಾರ ಕಡದಾರ?"

ಮರುದಿನ ನಲ್ಲಿಗೆ ನೀರು ಬರುವ ಹೊತ್ತಿನಲ್ಲಿ ಹಂಡೆ ಕೊಡಗಳ ನಡುವೆ ನಿಂತು ಇಡೀ ಚಾಳಿಗೆ ಹೇಳಿದೆ. ಒಂದು ಕೈಯಲ್ಲಿ ಅಪ್ಪನ ಬೋಲ್ಟು, ಇನ್ನೊಂದರಲ್ಲಿ ಯಾರದೋ ಮನೆಯ ಆಲೂಗಡ್ಡೆ. ಆಲೂಗಡ್ಡೆ ಬ್ಯಾಕ್ಟೀರಿಯಾ, ಬೋಲ್ಟು ಅದರ ಮೇಲೆ ಕೂರುತ್ತದೆ, ತನ್ನ ಸಾಮಾನನ್ನು ಒಳಗೆ ಇಳಿಸುತ್ತದೆ, ಒಳಗೆ ಮರಿ ಬೋಲ್ಟುಗಳಾಗಿ ಆಲೂಗಡ್ಡೆ ಒಡೆದು ಎಲ್ಲ ಹೊರಗೆ ಬರುತ್ತವೆ. ಇಂಗ್ಲಿಷಿನಲ್ಲಿ ಓದಿ, ಇಂಗ್ಲಿಷಿನಲ್ಲಿ ಬರೆದು ಪಾಸಾದದ್ದನ್ನು ನಾನು ಕನ್ನಡದಲ್ಲಿ ಹೇಳಿದ್ದು ಅದೇ ಮೊದಲು. ಎರಡು ಕಡೆ ತಡವರಿಸಿದೆ. ನಮ್ಮ ಕಾವಲುಗಳೂ ಅವುಗಳ ಕಾವಲುಗಳೂ ನೆಂಟರು ಎಂಬ ಹೊಸ ವಿಷಯವನ್ನೂ ಹೇಳಿದೆ.

"ಅಂದ್ರ ನಾವೂ ಅವೂ ಬೀಗರೇನು?" ಅವ್ವ ಕೇಳಿದಳು.

"ಬಹಳ ಹಿಂದಿನ ಬೀಗರು."

"ಹಂಗಾರ ಬೀಗರ ಮನಿಗೇ ಪೌಡರ್ ಹೊಡದಂಗಾತು!" ಎಂದು ಮಹಾದೇವ ಕಾಕಾ ಹಣೆ ಬಡಿದುಕೊಂಡರು.

ಅಂದಿನಿಂದ ಚಾಳು ಕಾಯತೊಡಗಿತು. ಫಿನಾಯಿಲ್ ಯಾರೂ ಸುರಿಯಬಾರದು. ಪೌಡರಿನ ಡಬ್ಬಿ ಕಾಕಾರ ವಶದಲ್ಲಿ. ಗಲ್ಲಿ ಗುಡಿಸಲು ಬಂದವರು ಗಟಾರಕ್ಕೆ ಕೈ ಹಾಕಿದರೆ ಕಾಕಾ ಓಡಿಹೋಗಿ ತಡೆಯುತ್ತಿದ್ದರು. "ಜನ್ಮ ಪೂರ್ತಿ ಗಟಾರ ಸ್ವಚ್ಛ ಮಾಡ್ರಿ ಅಂತ ಅರ್ಜಿ ಬರದೇನಿ. ಈಗ ಮಾಡಬ್ಯಾಡ್ರಿ ಅಂತ ಕೈ ಮುಗೀಬೇಕಾಗೇತಿ. ಏನ್ ಕಾಲ ಬಂತು ತಂಗಿ!"

ಅವ್ವ ದಿನಾ ಮುಂಜಾನೆ ಚಾದ ಬಟ್ಟಲು ಹಿಡಿದು ಹಿತ್ತಲ ಕಿಂಡಿಯಲ್ಲಿ ಬಗ್ಗಿ ನೋಡುತ್ತಿದ್ದಳು. ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆದು ನೋಡುವ ಹಾಗೆಯೇ. "ಇನ್ನೂ ಹದ ಬಂದಿಲ್ಲ" ಎನ್ನುತ್ತಿದ್ದಳು.

ಒಂದು ದಿನ, "ಇವತ್ತ ತಗೊಂಡ ಹೋಗು, ಹದ ಆಗೇತಿ" ಎಂದಳು. ತೆಗೆದುಕೊಂಡು ಹೋದೆ. ತಟ್ಟೆ ಮಬ್ಬು. "ನಿನಗ ನೋಡಾಕ ಬರೂದಿಲ್ಲ" ಎಂದು ನನ್ನನ್ನೇ ಬೈದಳು.

ಅಷ್ಟರಲ್ಲಿ ದೊಡ್ಡ ಮಳೆ ಹಿಡಿಯಿತು. ಹಗಲೇ ಕತ್ತಲೆ. ಕುರ್ಲಾ ಸ್ಟೇಶನ್ನಿನ ಹಳಿಗಳ ಮೇಲೆ ನೀರು ನಿಂತು ಲೋಕಲ್ ನಿಂತವು. ಗಟಾರ ದಡ ಮೀರಿ ಕೆಳಗಿನ ಖೋಲಿಗಳ ಹೊಸ್ತಿಲು ದಾಟಿತು. ನಾವು ಹಾಸಿಗೆ, ಹಿಟ್ಟಿನ ಡಬ್ಬಿ, ನನ್ನ ಪುಸ್ತಕ ಎಲ್ಲವನ್ನೂ ಅಟ್ಟಕ್ಕೆ ಏರಿಸಿದೆವು. ಅಷ್ಟು ನೀರಿನಲ್ಲಿ ಫೇಜ್ ಇದ್ದರೂ ತೆಳುವಾಗಿ ಹೋಗುತ್ತದೆ, ನನಗೆ ಸಿಗುವುದಿಲ್ಲ. ಅಟ್ಟದ ಮೇಲೆ ಕೂತು ನಾನು ಬೇರೆ ಕೆಲಸಗಳ ಲೆಕ್ಕ ಹಾಕಿದೆ. ಔಷಧ ಕಂಪನಿ, ಟ್ಯೂಶನ್, ಅವ್ವ ಹೇಳುವ ರಕ್ತ ತಪಾಸಣೆಯ ಲ್ಯಾಬ್. ಯಾವುದೂ ಕೀಳಲ್ಲ. ಆದರೆ ಆ ತಿಳಿ ಚುಕ್ಕೆಗಳನ್ನು ಒಮ್ಮೆ ನೋಡಿದ್ದೆನಲ್ಲ. ಅವು ಕಣ್ಣಿನಿಂದ ಹೋಗುತ್ತಿರಲಿಲ್ಲ.

ಮಳೆ ಇಳಿದ ಮೇಲೆ ಊರು ಬಿಸಿಲಿಗೆ ಬೆವರತೊಡಗಿತು. ಹಬ್ಬಕ್ಕೆ ಇನ್ನು ಸ್ವಲ್ಪವೇ ದಿನ ಉಳಿದಿತ್ತು, ಕಾಕಾ ಮಂಡಪದ ಬೊಂಬು ತರಿಸಿದ್ದರು. ಒಂದು ಬೆಳಿಗ್ಗೆ ಕಿಂಡಿಯಿಂದ ನಾನೇ ನೋಡಿದೆ. ನೀರು ಇಳಿದು, ಕಪ್ಪಾಗಿ, ದಪ್ಪಗಾಗಿ, ಅಲ್ಲಲ್ಲಿ ಗುಳ್ಳೆ ಬಿಡುತ್ತ ನಿಧಾನ ಹರಿಯುತ್ತಿತ್ತು. ಹಳೆಯ ವಾಸನೆ ಮರಳಿತ್ತು. ಮೇಡಂಗೆ ಫೋನ್ ಮಾಡಿದೆ. ಅವರು ಜ್ವರದಿಂದ ಮಲಗಿದ್ದರು.

"ಯಾರನ್ನಾದ್ರೂ ಜೊತೆಗೆ ಇಟ್ಕೊಂಡು ತೆಗಿ."

"ಯಾರ್ನ ಇಟ್ಕೊಳ್ಳಲಿ ಮೇಡಂ? ಲ್ಯಾಬಿನವರು ಇಲ್ಲಿ ಬರೂದ್ರೊಳಗ ಸಂಜಿ ಆಗ್ತೈತಿ, ಮತ್ತ ಮೋಡ ಬಂದೈತಿ."

"ಕಣ್ಣು ಇದ್ದವರು ಯಾರಾದ್ರೂ ಆಗ್ತದೆ. ನಿನ್ನ ಅಮ್ಮ ಇಲ್ವಾ?"

ಅವ್ವ ಸೀರೆ ಎತ್ತಿ ಸಿಕ್ಕಿಸಿ, ನನ್ನ ಮಾಸ್ಕ್ ಹಾಕಿಕೊಂಡು, ಕೊಡೆ ಹಿಡಿದು ನನ್ನ ಪಕ್ಕದಲ್ಲಿ ನಿಂತಳು. ಆಗಲೇ ತುಂತುರು ಶುರುವಾಗಿತ್ತು. ನಾನು ಬಾಟಲಿ ಇಳಿಬಿಟ್ಟೆ. "ಇನ್ನೂ ಈ ಕಡೆ, ಮಂದ ಇದ್ದಲ್ಲಿ" ಎಂದಳು. ಬಾಟಲಿ ತುಂಬಿ ಮೇಲೆ ಬಂತು, ಹೊರಗೆ ಒರೆಸಿ ಮುಚ್ಚಳ ಬಿಗಿದೆ. ಲೇಬಲ್ಲಿನ ಮೇಲೆ ನನ್ನ ಸಹಿ ಹಾಕಿ ಮಾರ್ಕರ್ ಪೆನ್ನನ್ನು ಅವಳ ಕೈಗೆ ಕೊಟ್ಟೆ.

"ನಾ ಯಾಕ?"

"ನೀ ನೋಡಿದಿ ಅಂತ."

ಊರ ಶಾಲೆಯಲ್ಲಿ ಕಲಿತ ಅಕ್ಷರ. ಅವಳು ಕೊಡೆಯನ್ನು ನನಗೆ ಕೊಟ್ಟು, ಬಾಟಲಿಯನ್ನು ಕಟ್ಟೆಯ ಮೇಲಿಟ್ಟು, ಅಕ್ಷರ ಒಂದೊಂದಾಗಿ 'ಗಂಗವ್ವ' ಎಂದು ಬರೆದಳು. ನನ್ನ ಶಾಲೆಯ ಒಳಗೆ ಬರಲು ಅಂಜುತ್ತಿದ್ದವಳ ಹೆಸರು ಆ ದಿನ ಲ್ಯಾಬಿನ ಒಳಗೆ ಹೋಯಿತು.

ತಟ್ಟೆಗೆ ಹಾಕಿ ಮರುದಿನ ಬೆಳಕಿಗೆ ಹಿಡಿದೆ. ತಿಳಿ ಚುಕ್ಕೆಗಳು, ಮೊದಲಿಗಿಂತ ದೊಡ್ಡವು. ಅವುಗಳಿಂದ ಫೇಜ್ ತೆಗೆದು ಮತ್ತೆ ಹಾಕಿದೆ, ಮತ್ತೂ ಬಂದವು. ಇದು ಇಟ್ಟಲ್ಲಿ ಸೊರಗುವ ಜಾತಿಯದಲ್ಲ. ಜ್ವರ ಬಿಟ್ಟು ಬಂದ ಮೇಡಂ ತಟ್ಟೆಯನ್ನು ಬಹಳ ಹೊತ್ತು ನೋಡಿದರು.

"ಇದು ಮೊದಲಿಂದೇ ಇರಬಹುದೇನ್ರಿ?"

"ಯಾರಿಗೆ ಗೊತ್ತು? ಅದೇ ಇರಬಹುದು, ಅದರ ತಮ್ಮ ಇರಬಹುದು. ಮೊದಲಿನದ್ದು ನಿನ್ನ ಫೋಟೋ ಮಾತ್ರ. ಇದು ಉಂಟು." ಆಮೇಲೆ ಬಾಟಲಿಯ ಲೇಬಲ್ ನೋಡಿ ಕನ್ನಡಕ ಸರಿಮಾಡಿಕೊಂಡರು. "ಎಷ್ಟು ಚಂದ ಬರೆದಿದ್ದಾರೆ ಮಾರಾಯ್ತಿ."

ವರದಿ ಹೋಯಿತು. ನಾನು ಉಳಿದೆ. ಈಗ ಪಿಎಚ್.ಡಿ. ಮುಗಿಯುವ ಹಂತದಲ್ಲಿದೆ. ಆ ಫೇಜ್ ತಟ್ಟೆಯಲ್ಲಿ, ಕೊಳವೆಯಲ್ಲಿ ತನ್ನ ಕೆಲಸ ಚೆನ್ನಾಗಿ ಮಾಡುತ್ತದೆ. ರೋಗಿಯವರೆಗೆ ಹೋಗಲು ದಾರಿ ಇನ್ನೂ ದೂರ ಇದೆ, ಹೋಗಬಹುದು, ಹೋಗದೆಯೂ ಇರಬಹುದು. ಬ್ಯಾಕ್ಟೀರಿಯಾವೂ ಸುಮ್ಮನೆ ಕೂತಿಲ್ಲ, ಹೊಸ ಕಾವಲು ಕಟ್ಟುವುದನ್ನು ನಾನೇ ನೋಡುತ್ತಿದ್ದೇನೆ. ಅಪ್ಪ ಹಿತ್ತಾಳೆಯಲ್ಲಿ ಒಂದು ಫೇಜ್ ಕಡೆದು ಕೊಟ್ಟಿದ್ದಾನೆ, ಲ್ಯಾಬಿನ ನನ್ನ ಮೇಜಿನ ಮೇಲಿದೆ. ಕಾಲುಗಳನ್ನು ಸೈಕಲ್ಲಿನ ಕಡ್ಡಿಯಿಂದ ಮಾಡಿದ್ದಾನೆ. ಅಳತೆ ತಪ್ಪಿದೆ ಎಂದು ಹೇಳಲು ನನಗೆ ಮನಸ್ಸಾಗಿಲ್ಲ.

ಹೆಸರಿಡುವಾಗ ಮತ್ತೆ ಚಾಳಿನಲ್ಲಿ ಸಭೆ ಸೇರಿತ್ತು. ಕಾಕಾ ಗಣೇಶನನ್ನು ಬಿಟ್ಟುಕೊಡಲಿಲ್ಲ. ಅವ್ವ ಈ ಸಲ ಕೊಣಮಿಯಿಂದ ಕೈ ತೆಗೆದು, ಯೋಚಿಸಿ, "ಊರ ಹೆಸರ ಇಡು" ಎಂದಳು.

"ಯಾವ ಊರು? ನಮ್ಮ ಊರಿನ ಹೆಸರ ಯಾಕವ್ವ, ಅದು ಅಲ್ಲಿ ಸಿಕ್ಕಿಲ್ಲಲ್ಲ."

ಅವಳು ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು. ನಾನು ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಊರು ಎಂದರೆ ವಿಜಯಪುರದ ಆಚೆಯ ಹಳ್ಳಿ. ಕುರ್ಲಾ ಎಂದರೆ 'ಇಲ್ಲಿ'. ಅಂದು, "ನಮ್ಮೂರು ಇದ ಅಲ್ಲೇನು?" ಎಂದು ಕಿಂಡಿಯ ಕಡೆ ಗದ್ದ ತೋರಿಸಿ ಮತ್ತೆ ಹಿಟ್ಟಿಗೆ ಕೈ ಹಾಕಿದಳು. ಫೇಜ್‌ನ ಹೆಸರು ಕುರ್ಲಾ ಎಂದಾಯಿತು.

ಇದೆಲ್ಲ ನೆನಪಾಗಿ ಗೇಟಿನಲ್ಲಿ ನಿಂತಿದ್ದೆ. ವಾಚ್‌ಮನ್ ನನ್ನನ್ನು ಸುತ್ತಿಕೊಂಡು ಗೆರೆ ಎಳೆದು ಮುಂದೆ ಹೋಗಿದ್ದ. ಫೋನ್ ರಿಂಗಾಯಿತು. ಪ್ರತಿ ವರ್ಷ ಮೊದಲ ಮಳೆ ಬಿದ್ದ ದಿನ ಬರುವ ಫೋನು. ಉಳಿದವರ ತವರಿನಿಂದ ಹಬ್ಬಕ್ಕೆ ಕರೆಯುತ್ತಾರೆ, ಮಾವಿನಹಣ್ಣಿಗೆ ಕರೆಯುತ್ತಾರೆ.

"ನೀಲಾ, ನಾಳಿಗೆ ಬಾಟ್ಲಿ ತಗೊಂಡ ಬಾ" ಎಂದಳು ಅವ್ವ. "ಗಟಾರ ಹದಕ್ಕ ಬಂದೈತಿ. ಯಾರಿಗೂ ಮುಟ್ಟಾಕ ಬಿಟ್ಟಿಲ್ಲ."